ಕತ್ತೆಕಿರುಬಕ್ಕೆ ಸಂದ ಆಶೀರ್ವಾದ

ಗಬ್ಬದ ಮೇಕೆಯ ಕತ್ತು ಹಿಡಿದು ಚಿರತೆ ಮರವೇರುವಷ್ಟರಲ್ಲಿ ಚುಕ್ಕೆ ಕತ್ತೆಕಿರುಬವೊಂದು ಪೊದೆಯಿಂದ ನುಗ್ಗಿತು. ಚಿರತೆ ಬೇಟೆಯನ್ನು ಬಿಟ್ಟು ಕೊಂಬೆಗೆ ನೆಗೆಯಿತು. ಎರಡೂ ಪರಸ್ಪರ ಗುರುಗುಟ್ಟುತ್ತಿದ್ದ ಆ ಗಳಿಗೆಯಲ್ಲೇ ಸಂಬುರು ಬುಡಕಟ್ಟಿನ ಮುದುಕಿ ನೈಸುಲಾ ಕೋಲು ಬೀಸುತ್ತ ಓಡಿಬಂದು, ತನಗುಳಿದಿದ್ದ ಆ ಒಂದೇ ಮೇಕೆಯನ್ನು ಹಿಂಗಾಲು ಹಿಡಿದು ಎಳೆದುಕೊಂಡಳು.

ಚಿರತೆಯ ಹಲ್ಲು ನಾಟಿದ್ದು ಕತ್ತಿನ ದಪ್ಪ ತೊಗಲಪಟ್ಟಿಗೆ ಮಾತ್ರ. ಮೇಕೆ ತತ್ತರಿಸುತ್ತ ಎದ್ದಿತು. ಮುದುಕಿ ಅದರ ಹೊಟ್ಟೆ ಮುಟ್ಟಿ ನೋಡಿದಳು, ಮರಿ ಮಿಸುಕಿತು. ಆ ಜನರಲ್ಲಿ ಹಿರಿಯರು ಹರಸುವುದು ಉಗುಳಿಯೇ. ಬರಿಹೊಟ್ಟೆಯಲ್ಲಿ ಹಿಂದೆ ಸರಿಯುತ್ತಿದ್ದ ಕಿರುಬದತ್ತ ಅವಳು ಮೆಲ್ಲನೆ ಉಗುಳಿದಳು.

"ಅಯ್ಯೋ ಅತ್ತೆ, ಆ ಹೆಣ ತಿನ್ನೋದನ್ನ ಹರಸ್ತೀರಾ?" ಎಂದಳು ಏದುಸಿರು ಬಿಡುತ್ತ ಬಂದ ಸೊಸೆ.

"ಮತ್ತೆ ನಿನ್ನ ಗಂಡನ್ನ ಹರಸ್ಲೇನೇ? ಅವನಿನ್ನೂ ಈಟಿ ಹುಡುಕ್ತಾ ಇದಾನೆ!"