ಷಡಕ್ಷರಿಯ ಸೈನ್ಯಕ್ಕೆ ಇನ್ನೊಂದೇ ಕೋಟ್

ಬೇರೆ ಮೆಸೇಜೆಲ್ಲ ಆಮೇಲೆ ನೋಡಿ... ಇಂಥ ಕಥೆ ಮೂರು ಲೋಕ ಜಾಲಾಡಿದರೂ ಸಿಗುವುದಿಲ್ಲ.

ಮೈಸೂರಿನಲ್ಲಿ ಪುಟ್ಟ ಗೊಂಬೆಗಳಿಗೆ ಬಣ್ಣ ಹಚ್ಚುವ ಯತಿರಾಜ ಎಂಬವನಿದ್ದ. ಅವನ ಕುಂಚ ಎಷ್ಟು ಸಣ್ಣದೆಂದರೆ, ಮಲಗಿದ ಇರುವೆಗೆ ಕಾಡಿಗೆ ಹಚ್ಚಿದರೂ ಅದಕ್ಕೆ ಎಚ್ಚರವಾಗುತ್ತಿರಲಿಲ್ಲ.

ಅವನ ಗೆಳೆಯ ಷಡಕ್ಷರಿಗೆ ಒಂದೇ ಹುಚ್ಚು... ಮೇಜಿನ ಮೇಲೆ ಪುಟ್ಟ ಸೈನಿಕರನ್ನು ನಿಲ್ಲಿಸಿ, ದಾಳ ಉರುಳಿಸಿ ಆಡುವ ಯುದ್ಧದ ಆಟ. ಭಾನುವಾರ ಇಬ್ಬರೂ ಆಡಲು ಕೂತರೆ ಬೀದಿನಾಯಿಗಳೂ ಪಕ್ಷ ಕಟ್ಟಿಕೊಂಡು ಬೊಗಳುತ್ತಿದ್ದವು.

ಒಂದು ದಿನ ಷಡಕ್ಷರಿ ಹೊಸ ಸೈನ್ಯದ ಡಬ್ಬಿ ತಂದ. ಹೆಬ್ಬೆರಳುದ್ದದ, ಬೂದು ಪ್ಲಾಸ್ಟಿಕ್ಕಿನ ಸೈನಿಕರು.

"ಬಣ್ಣ ಹಾಕ್ಕೊಡೋ ಯತಿ. ಬೇಗ ಕೊಡು. ಶುಗರ್ರು ಕಣ್ಣಿಗೆ ಇಳಿದಿದೆಯಂತೆ... ಪೂರ್ತಿ ಹೋಗೋದ್ರೊಳಗೆ ಇವರನ್ನ ಬಣ್ಣದಲ್ಲಿ ನೋಡ್ಬೇಕು."

"ನಿನ್ನ ಕಣ್ಣಾ? ಹೋದ ವಾರ ನಾನು ಕದ್ದು ದಾಳ ತಿರುಗಿಸಿದ್ದನ್ನ ಬಾಗಿಲಲ್ಲಿ ನಿಂತೇ ಹಿಡಿದ್ಯಲ್ಲೋ. ಸುಮ್ನಿರು," ಎಂದು ಯತಿರಾಜ ನಕ್ಕ.

ಷಡಕ್ಷರಿ ಒಬ್ಬ ಕುದುರೆ ಸವಾರನನ್ನು ಮಾತ್ರ ಜೇಬಿಗೆ ಹಾಕಿಕೊಂಡ. "ಇವನು ನನ್ನ ಹತ್ರ ಇರ್ಲಿ. ಸೈನ್ಯ ಬರೋವರೆಗೂ ಕಾಯ್ತಾನೆ."

ಒಂದೇ ವಾರದಲ್ಲಿ ಸೈನ್ಯ ಸಿದ್ಧವಾಯಿತು. ಯತಿರಾಜ ಫೋಟೊ ತೆಗೆದು ಈ ಆಟದ ಹುಚ್ಚರ ಆನ್‌ಲೈನ್ ಗ್ರೂಪಿಗೆ ಹಾಕಿದ. ಲೈಕುಗಳ ಕಾವಿಗೆ ಅವನ ಫೋನಿನ ಮೇಲೆ ದೋಸೆ ಹುಯ್ಯಬಹುದಿತ್ತು.

ಆದರೆ ಯಾರೋ ಒಬ್ಬ ಬರೆದ... "ಕೆಂಪು ಸ್ವಲ್ಪ ಡಲ್ ಅಲ್ವಾ ಸರ್?"

ಅಷ್ಟೇ. ಹಳೆಯ ಬಣ್ಣ ತೆಗೆಯದೆ, ಅದರ ಮೇಲೇ ಇನ್ನೊಂದು ಕೋಟ್ ಬಳಿದ. ಮತ್ತೆ ಫೋಟೊ... ಮತ್ತೆ ಯಾರದೋ ಕೊಂಕು... ಮತ್ತೆ ಕೋಟ್.

ತಿಂಗಳುಗಟ್ಟಲೆ ಷಡಕ್ಷರಿ ಫೋನ್ ಮಾಡುತ್ತಲೇ ಇದ್ದ. "ಹೆಂಗಿದೆಯೋ ಹಂಗೇ ತಂದ್ಬಿಡೋ."

"ತಡಿಯೋ ಗುರು. ಇನ್ನೊಂದೇ ಕೋಟ್."

ಕೊನೆಗೆ ಫೋನ್ ಬರುವುದೇ ನಿಂತಿತು. ಸದ್ಯ, ಕಾಟ ತಪ್ಪಿತೆಂದು ಯತಿರಾಜ ಇನ್ನೂ ನೆಮ್ಮದಿಯಿಂದ ಬಳಿದ...

ಗ್ರೂಪಿನವರೆಲ್ಲ ಭೇಷ್ ಅಂದ ಮೇಲೆಯೇ ಅವನು ಷಡಕ್ಷರಿಯ ಮನೆಗೆ ಹೋದದ್ದು. ಡಬ್ಬಿಯ ಮುಚ್ಚಳ ತೆಗೆದು ಮುಂದೆ ಹಿಡಿದ. "ನೋಡು."

ಷಡಕ್ಷರಿಯ ಕೈ ಡಬ್ಬಿಯ ಪಕ್ಕದ ಗಾಳಿಯಲ್ಲಿ ತಡಕಾಡಿತು.

ಯತಿರಾಜ ಡಬ್ಬಿಯನ್ನು ಮೆಲ್ಲಗೆ ಆ ಬೆರಳುಗಳ ಕೆಳಗೆ ಸರಿಸಿದ.

"ಬಿಡೋ... ಬೆರಳಲ್ಲೇ ನೋಡ್ತೀನಿ," ಎಂದ ಷಡಕ್ಷರಿ ಒಬ್ಬ ಸೈನಿಕನನ್ನು ಎತ್ತಿಕೊಂಡು ಸವರಿದ. "ಇವನು ಬಿಲ್ಲುಗಾರನಾ?"

"ಅಲ್ಲ... ಕಹಳೆ ಊದೋನು."

ಇನ್ನೊಬ್ಬನನ್ನು ಸವರಿದ. ಮತ್ತೊಬ್ಬನನ್ನು ಸವರಿದ. "ಎಲ್ಲ ಹುಣಸೆಬೀಜದ ಹಂಗೆ ನುಣ್ಣಗಾಗಿದ್ದಾರಲ್ಲೋ. ಬಣ್ಣ ಇಲ್ದಾಗ ಇವರ ಮೂಗು, ಮೀಸೆ ಎಲ್ಲ ಬೆರಳಿಗೆ ಸಿಗ್ತಿತ್ತು."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಯತಿರಾಜ ತಡೆದುಕೊಳ್ಳುತ್ತಿದ್ದನೇನೋ...

"ಆ ಸವಾರನನ್ನೂ ಕೊಡೋ," ಎಂದ ಅಳುತ್ತಾ. "ಅವನಿಗೆ ತೆಳ್ಳಗೆ... ಒಂದೇ ಒಂದು ಕೋಟ್..."

ಷಡಕ್ಷರಿ ಜೇಬಿಗೆ ಕೈ ಹಾಕಿ, ಬೂದು ಸವಾರನನ್ನು ಮುಷ್ಟಿಯೊಳಗೆ ಬಿಗಿಯಾಗಿ ಹಿಡಿದುಕೊಂಡ.

"ಬೇಡ ಯತಿ. ಇವನೊಬ್ಬನ ಗುರುತಾದ್ರೂ ನಂಗೆ ಉಳೀಲಿ."

*

ಗೆಳೆಯನಿಗೆಂದು ಮಾಡಿದ್ದನ್ನು ಊರು ಮೆಚ್ಚಲಿ ಎಂದು ಇಟ್ಟುಕೊಂಡರೆ, ಅದು ಗೆಳೆಯನದಾಗಿ ಉಳಿಯುವುದಿಲ್ಲ.

ನಿಮ್ಮ ಮನೆಯಲ್ಲಿ ಯಾರ ಡಬ್ಬಿ "ಇನ್ನೊಂದೇ ಕೋಟ್" ಎಂದು ಕಾಯುತ್ತಾ ಕೂತಿದೆ?