ಅಪ್ಪ ಬಿಟ್ಟುಕೊಡದ ಮಾತು

ಹೊಲಿಗೆಯಂತ್ರದ ಎಣ್ಣೆಯ ವಾಸನೆ ಬಂದರೆ ಈಗಲೂ ಶಹಾಪುರದ ನಮ್ಮ ಅಂಗಡಿಯ ಆ ಮಧ್ಯಾಹ್ನ ನೆನಪಾಗುತ್ತದೆ. ಅಪ್ಪ ಮತ್ತು ಪಾಲುದಾರ ಖಾಸಿಂ ಚಾಚಾ ಎದುರುಬದುರು ಕೂತು ಹೊಲಿಯುತ್ತಿದ್ದರು. ಯಾವ ದೇವರನ್ನೂ ನಂಬದ ಮಾಸ್ತರರೊಬ್ಬರು ಬಂದು ಅಪ್ಪನತ್ತ ಕೈಮಾಡಿ ಕೆಣಕಿದರು: "ಖಾಸಿಂ, ಇವರ ಯೇಸು ದೇವರ ಮಗ ಅಂತ. ಒಪ್ತೀಯೇನು?"

ಚಾಚಾ ಯಂತ್ರ ನಿಲ್ಲಿಸಿದರು. "ಇಲ್ರಿ. ಅಲ್ಲಾಗ ಮಕ್ಕಳಿಲ್ಲ. ಹಂಗನ್ನೋದು ಗುನ್ಹಾ, ದೊಡ್ಡ ಪಾಪ."

ಅಪ್ಪನೂ ಹೊಲಿಗೆಯಿಂದ ಕತ್ತೆತ್ತಿದ. "ಹೆತ್ತ ಮಗ ಅಂತ ನಾವೂ ಅನ್ನಂಗಿಲ್ಲ, ಭಾಯಿ. ದೇವರ ಮಾತೇ ಮನುಷ್ಯ ಆಗಿ ಬಂತು ಅಂತೀವಿ. ಅದನ್ನ ನಾ ಬಿಡಂಗಿಲ್ಲ."

"ನಾ ಒಪ್ಪಂಗಿಲ್ಲ."

"ಮತ್ತ ನಾಳಿಂದ ಅಂಗಡಿ ಬ್ಯಾರೆ ಏನು?" ಮಾಸ್ತರರು ನಕ್ಕರು.

ಮಸೀದಿಯಿಂದ ಅಜಾನ್ ಕೇಳಿಸಿತು. ಚಾಚಾ ನಮಾಜಿಗೆ ಎದ್ದು ಹೋದರು. ಅಪ್ಪ ಅವರು ಅರ್ಧ ಹೊಲಿದು ಬಿಟ್ಟಿದ್ದ ಕುರ್ತಾಕ್ಕೆ ತೋಳು ಜೋಡಿಸತೊಡಗಿದ. ನಾನು ಬಾಗಿಲಲ್ಲೇ ಕಾದೆ.

ನಮಾಜ್ ಮುಗಿಸಿ ಬಂದ ಚಾಚಾ ತೋಳನ್ನು ತಿರುಗಿಸಿ ನೋಡಿದರು.

"ಹೊಲಿಗಿ ಬರೋಬರಿ ಅದ," ಎಂದರು. ಎಂದಿನಂತೆ ಅಪ್ಪನ ಎದುರು ಕೂತು ಯಂತ್ರ ತುಳಿಯತೊಡಗಿದರು.