ಫ್ರಾನ್ಸಿನ ಸಿನಿಮಾಕ್ಕೆ ನಾನು ಹೇಳಿದ ಮಾತು

ಆಗ ನಾನು ಟೂರಿಂಗ್ ಟಾಕೀಸಿನಲ್ಲಿ ಪರದೆಯ ಪಕ್ಕ ಕೋಲು ಹಿಡಿದು ನಿಂತು, ಪರಭಾಷೆ ಸಿನಿಮಾದ ಮಾತುಗಳನ್ನು ಜನರಿಗೆ ಕನ್ನಡದಲ್ಲಿ ಕೂಗಿ ಹೇಳುತ್ತಿದ್ದೆ. ಒಮ್ಮೆ ಫ್ರಾನ್ಸ್ ದೇಶದ ನಗೆಚಿತ್ರ ಬಂತು.

“ಆ ಭಾಷೆ ನಿನಗೆ ಬರ್ತೈತೇನೋ ಕೆಂಚಪ್ಪ?” ಎಂದರು ಮಾಲೀಕರು.

“ಇಂಗ್ಲಿಷು ಎಲ್ಲಿ ಬರ್ತಿತ್ತು ಧಣಿ? ಆದ್ರೂ ಹೇಳ್ಕಂಡು ಬಂದಿಲ್ವಾ?”

“ಇವತ್ತು ಒಬ್ಬನಾದ್ರೂ ಅರ್ಥ ಆಗ್ಲಿಲ್ಲ ಅಂದ್ರೆ, ನಾಳೆಯಿಂದ ಟೆಂಟಿನ ಕಡೆ ಬರಬ್ಯಾಡ.”

ಆಟ ಶುರುವಾಯಿತು. ಉದ್ದನೆಯ ಮನುಷ್ಯನೊಬ್ಬ ಏಣಿ ಹೊತ್ತು ಮದುವೆಮನೆ ಹೊಕ್ಕ. ಯಾರು ಭುಜ ತಟ್ಟಿದರೂ ಏಣಿಸಮೇತ ತಿರುಗುತ್ತಿದ್ದ. ತಿರುಗಿದಾಗಲೆಲ್ಲ ನಾಲ್ಕು ಜನ ಉರುಳುತ್ತಿದ್ದರು. ಪಾದ್ರಿ ಹೋಗಿ ಕೇಕಿನ ಮೇಲೆ ಕೂತ. ಒಬ್ಬರಾದರೂ ಮಾತಾಡಬಾರದೇ? ಮಾತಿಗೆ ಕಾಯುತ್ತ ಕಾಯುತ್ತ ನನಗೇ ನಗು ಹತ್ತಿತು. ಕೋಲು ಕೈಜಾರಿತು, ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕೂತೆ. ಸಿನಿಮಾ ಮುಗಿದಾಗ ನಾನು ಒಂದಕ್ಷರವನ್ನೂ ಹೇಳಿರಲಿಲ್ಲ.

ಕೆಲಸ ಹೋಯಿತೆಂದು ಮಾಲೀಕರ ಮುಂದೆ ತಲೆ ತಗ್ಗಿಸಿ ನಿಂತೆ. ಅಷ್ಟರಲ್ಲಿ, ಎಲ್ಲ ಆಟಕ್ಕೂ ತಪ್ಪದೆ ಬರುವ ದ್ಯಾಮವ್ವಜ್ಜಿ ನಕ್ಕು ನಕ್ಕು ಒದ್ದೆಯಾದ ಕಣ್ಣನ್ನು ಸೆರಗಿನಲ್ಲಿ ಒರೆಸಿಕೊಳ್ಳುತ್ತ ಬಂದು ಅವರ ಕೈ ಹಿಡಿದಳು.

“ಇಷ್ಟು ವರ್ಷಕ್ಕೆ ಇವತ್ತು ನೋಡಪ್ಪ, ಕೆಂಚಪ್ಪ ಸರಿಯಾಗಿ ಹೇಳಿದ್ದು. ಒಂದೊಂದು ಮಾತೂ ಅರ್ಥ ಆತು!”